ಫಾರಿನ್‌ಗೆ ಮಾತ್ರೆ ತಗೊಂಡು ಹೋಗೋದು: ಡಬ್ಬಿ ತುಂಬ್ಸೋಕೆ ಮುಂಚೆ ಸ್ಟ್ರಿಪ್ ತಿರುಗ್ಸಿ ನೋಡಿ

ಮಗಳ ಬಾಣಂತನಕ್ಕೋ ಮೊಮ್ಮಗು ನೋಡ್ಕೊಳ್ಳೋಕೋ ಅಂತ ಹೊರಡೋ ಅಪ್ಪ ಅಮ್ಮಂದಿರ ಪ್ಯಾಕಿಂಗ್ ನೋಡಿರ್ತೀರ, ಚಟ್ನಿಪುಡಿ ಚೆಲ್ಬಾರ್ದು ಅಂತ ಕವರ್ ಮೇಲೆ ಕವರ್, ಸೂಟ್‌ಕೇಸ್ 23 ಕೆಜಿ ದಾಟ್ಬಾರ್ದು ಅಂತ ಗಂಟೆಗೊಂದ್ಸಲ ತೂಕ, ಆದ್ರೆ ದಿನಾ ನುಂಗೋ ಮಾತ್ರೆ ವಿಷ್ಯಕ್ಕೆ ಬಂದ್ರೆ ಹೊರಡೋ ಹಿಂದಿನ ಸಂಜೆ ಮೆಡಿಕಲ್ ಶಾಪ್‌ಗೆ ಹೋಗಿ "ಇದೇ ಮಾತ್ರೆ ಆರು ತಿಂಗ್ಳಿಗೆ ಕೊಡಪ್ಪ" ಅನ್ನೋದಷ್ಟೇ. ಬಿಪಿ, ಥೈರಾಯ್ಡ್ ಮಾತ್ರೆ ಮಾತ್ರ ಇದ್ರೆ ಬಹಳ ಸಲ ಹೀಗೂ ನಡ್ದೋಗತ್ತೆ. ಬೇರೆ ಮಾತ್ರೆ ಇದ್ರೆ ನಡೆಯಲ್ಲ, ಅದಕ್ಕೇ ಇಷ್ಟು ಉದ್ದ ಬರೀತಿರೋದು.

ತುಂಬಾ ಜನಕ್ಕಿರೋ ಭಯ ಬೆಂಗಳೂರು ಏರ್‌ಪೋರ್ಟ್ ಸೆಕ್ಯೂರಿಟಿಲಿ ಮಾತ್ರೆ ತೆಗ್ದು ಬಿಸಾಕ್ತಾರೇನೋ ಅಂತ. ಹಂಗೇನೂ ಆಗಲ್ಲ, ಅಲ್ಲಿರೋ ಸಿಐಎಸ್‌ಎಫ್‌ನೋರು ಮಾತ್ರೆ ಡಬ್ಬಿ ನೋಡಿ ನೋಡಿ ಸಾಕಾಗಿರ್ತಾರೆ, ಏರ್‌ಲೈನ್‌ನೋರಿಗಂತೂ ಅದು ತಲೆನೋವೇ ಅಲ್ಲ. ಪ್ರಶ್ನೆ ಇರೋದು ಇಳಿಯೋ ದೇಶದಲ್ಲಿ. ನಮ್ಮೂರಲ್ಲಿ ಚೀಟಿ ತೋರ್ಸಿ, ಕೆಲವು ಸಲ ಮುಖಪರಿಚಯದ ಮೇಲೇನೇ ತಂದ್ಕೊಳ್ಳೋ ಮಾತ್ರೆ ಇನ್ನೊಂದು ದೇಶದಲ್ಲಿ ಡ್ರಗ್ಸ್ ಕೇಸ್ ಆಗ್ಬಹುದು. ಹಾಗಾಗಿ ಮೊದಲ ಕೆಲ್ಸ ಮನೇಲಿರೋ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರ್ಕೊಂಡು ಒಂದೊಂದೇ ಸ್ಟ್ರಿಪ್ ತಿರುಗ್ಸಿ, ಕಂಪನಿ ಇಟ್ಟಿರೋ ದೊಡ್ಡಕ್ಷರದ ಹೆಸ್ರು ಬಿಟ್ಟು, ಕೆಳಗೆ ಸಣ್ಣದಾಗಿರೋ ಸಾಲ್ಟ್ ಹೆಸ್ರು, ಅಂದ್ರೆ ಒಳಗಿರೋ ಅಸಲಿ ಔಷಧಿ ಹೆಸ್ರು, ಓದೋದು. ಕಣ್ಣಿಗೆ ಕಾಣ್ದಿದ್ರೆ ಮೊಬೈಲಲ್ಲಿ ಫೋಟೋ ತೆಗ್ದು ಝೂಮ್ ಮಾಡಿ. ಜನೌಷಧಿ ಅಂಗಡಿ ಮಾತ್ರೆ ತಗೊಳ್ಳೋರಿಗೆ ಈ ಕಷ್ಟ ಇಲ್ಲ, ಅದ್ರ ಮೇಲೆ ಸಾಲ್ಟ್ ಹೆಸ್ರೇ ದೊಡ್ಡದಾಗಿರತ್ತೆ.

ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ತೊಂದ್ರೆ ಕೊಡೋ ಸಾಲ್ಟ್‌ಗಳು ತುಂಬಾ ಸಾಧಾರಣ ಹೆಸರಲ್ಲಿ ಕೂತಿರ್ತಾವೆ. ಶುಗರ್ ಇರೋರಿಗೆ ಪಾದ ಉರಿ, ಕಾಲು ಜುಮ್ಮು ಅಂತ ಡಾಕ್ಟ್ರು ಒಂದು ಕ್ಯಾಪ್ಸೂಲ್ ಕೊಟ್ಟಿರ್ತಾರೆ, ಮನೇಲೆಲ್ಲ ಅದನ್ನ "ನರದ ವಿಟಮಿನ್" ಅಂತ ಕರೀತಾರೆ, ತಿರುಗ್ಸಿ ನೋಡಿದ್ರೆ ಮೀಥೈಲ್‌ಕೊಬಾಲಮಿನ್ ಜೊತೆ ಪ್ರಿಗ್ಯಾಬಲಿನ್ ಇರತ್ತೆ. ವಿಟಮಿನ್ ನಿಜ, ಆದ್ರೆ ಪ್ರಿಗ್ಯಾಬಲಿನ್ ಯುಎಇ, ಸೌದಿ, ಕತಾರ್‌ನಲ್ಲಿ ಕಂಟ್ರೋಲ್ಡ್ ಪಟ್ಟಿಲಿದೆ, ಅಂದ್ರೆ ಸರ್ಕಾರ ಬಿಗಿ ಹಿಡಿತ ಇಟ್ಟಿರೋ ಔಷಧಿಗಳ ಪಟ್ಟಿ, ಬ್ರಿಟನ್‌ನಲ್ಲೂ 2019ರಿಂದ ಕಂಟ್ರೋಲ್ಡ್ ಡ್ರಗ್. ಮಂಡಿ ನೋವಿಗೆ ಕೊಡೋ ಅಲ್ಟ್ರಾಸೆಟ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಟ್ರಾಮಡಾಲ್ ಅನ್ನೋ ಅಫೀಮಿನ ಗುಂಪಿನ ನೋವಿನ ಔಷಧಿ ಇದೆ. ಹೊಟ್ಟೆ ಹಿಡ್ಕೊಳ್ಳತ್ತೆ, ಗ್ಯಾಸು ಅಂದ್ರೆ ಬರ್ಕೊಡೋ ಲಿಬ್ರಾಕ್ಸ್, ನಾರ್ಮಾಕ್ಸಿನ್‌ನಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಅನ್ನೋ ನಿದ್ದೆ ಮಾತ್ರೆ ಗುಂಪಿನ ಔಷಧಿ ಇದೆ, ಗ್ಯಾಸ್ಟ್ರಿಕ್ ಮಾತ್ರೆಲಿ ಅದಿದೆ ಅಂದ್ರೆ ಅಮ್ಮಂದಿರು ನಂಬೋದೇ ಇಲ್ಲ. ಇನ್ನು ನಿದ್ದೆಗೆ, ಗಾಬರಿಗೆ ತಗೊಳ್ಳೋ ಆಲ್‌ಪ್ರಾಕ್ಸ್, ರೆಸ್ಟಿಲ್, ಲೋನಾಜೆಪ್, ಝೋಲ್‌ಫ್ರೆಶ್ ಇವೆಲ್ಲ ನೇರವಾಗಿ ಆ ಪಟ್ಟಿಯವೇ, ಕೊಡೀನ್ ಇರೋ ಕೆಮ್ಮಿನ ಸಿರಪ್ ಕೂಡ.

ಸುಲಭದ ಗುರುತು ಒಂದಿದೆ. ಸ್ಟ್ರಿಪ್ ಮೇಲೆ ಬರೀ ಆರ್‌ಎಕ್ಸ್ ಇದ್ರೆ ಅದು ಚೀಟಿ ಮೇಲೆ ಕೊಡೋ ಮಾಮೂಲಿ ಔಷಧಿ, ಕೆಂಪಕ್ಷರದಲ್ಲಿ ಎನ್‌ಆರ್‌ಎಕ್ಸ್ (NRx) ಅಂತ ಇದ್ರೆ ಅದು ನಮ್ಮ ದೇಶದ 1985ರ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ಕಾಯ್ದೆ ಕೆಳಗೂ ಬರೋ ಔಷಧಿ ಅಂತ ಅರ್ಥ, ಆ 'ಎನ್' ಕಂಡ್ರೆ ಆ ಸ್ಟ್ರಿಪ್ ಬೇರೆ ಎತ್ತಿಡಿ. ಆದ್ರೆ ಇದೊಂದನ್ನೇ ನಂಬ್ಕೊಂಡು ಕೂರ್ಬೇಡಿ, ಮೇಲೆ ಹೇಳಿದ ಪ್ರಿಗ್ಯಾಬಲಿನ್‌ಗೆ ನಮ್ಮಲ್ಲಿ ಆ ಗುರುತಿಲ್ಲ.

ಹೀಗೆ ಎತ್ತಿಟ್ಟ ಸ್ಟ್ರಿಪ್‌ಗಳನ್ನ ತಗೊಂಡು ಡಾಕ್ಟ್ರ ಹತ್ರ ಹೋಗಿ ಒಂದೇ ಪ್ರಶ್ನೆ ಕೇಳಿ, ಇದು ಬೇಕೇ ಬೇಕಾ, ಇದ್ರ ಬದ್ಲು ಬೇರೆ ಏನಾದ್ರೂ ಇದ್ಯಾ. ಎಷ್ಟೋ ಸಲ ಬದ್ಲಿ ಸಿಗತ್ತೆ. ನೀವೇ ಮನಸ್ಸಿಗೆ ಬಂದಂಗೆ ನಿಲ್ಸೋಕೆ ಮಾತ್ರ ಹೋಗ್ಬೇಡಿ, ವರ್ಷಗಟ್ಲೆ ತಗೊಂಡ ನಿದ್ದೆ ಮಾತ್ರೆ, ಪ್ರಿಗ್ಯಾಬಲಿನ್ ಇವನ್ನೆಲ್ಲ ದಿಢೀರ್ ಅಂತ ನಿಲ್ಸಿದ್ರೆ ಮೈ ಕೈ ನಡುಕ, ಕೆಲವರಿಗೆ ಫಿಟ್ಸ್ ಕೂಡ ಬರ್ಬಹುದು. ನಿಧಾನಕ್ಕೆ ಕಮ್ಮಿ ಮಾಡೋಕೆ ವಾರಗಳೇ ಬೇಕು, ಅದಕ್ಕೇ ಟಿಕೆಟ್ ಬುಕ್ ಆದ ತಕ್ಷಣ ಈ ಕೆಲ್ಸ ಶುರು ಮಾಡ್ಬೇಕು.

ಯಾವ ದೇಶಕ್ಕೆ ಏನು

ಗಲ್ಫ್ ಎಲ್ಲಕ್ಕಿಂತ ಕಟ್ಟುನಿಟ್ಟು. ಯುಎಇಗೆ ಕಂಟ್ರೋಲ್ಡ್ ಔಷಧಿ ತಗೊಂಡು ಹೋಗ್ಬೇಕಂದ್ರೆ ಹೊರಡೋ ಮುಂಚೆನೇ ಅವರ ಸರ್ಕಾರದ ವೆಬ್‌ಸೈಟಲ್ಲಿ ಅರ್ಜಿ ಹಾಕಿ ಪರ್ಮಿಟ್ ತಗೋಬೇಕು, ಪಾಸ್‌ಪೋರ್ಟ್ ಕಾಪಿ, ಪ್ರಿಸ್ಕ್ರಿಪ್ಷನ್, ಡಾಕ್ಟ್ರ ರಿಪೋರ್ಟ್ ಕೇಳ್ತಾರೆ. ಏಜೆಂಟ್‌ಗೆ ದುಡ್ಡು ಕೊಟ್ಟು ಮಾಡ್ಸೋ ಕೆಲ್ಸ ಅಲ್ಲ ಇದು, ಮನೇಲಿ ಕೂತು ನೀವೇ ಮಾಡ್ಬಹುದು. ಕತಾರ್ ವಿಷ್ಯದಲ್ಲಂತೂ ಅಲ್ಲಿನ ಭಾರತೀಯ ರಾಯಭಾರ ಕಚೇರಿನೇ ಲಿರಿಕಾ (ಪ್ರಿಗ್ಯಾಬಲಿನ್‌ನ ಬ್ರ್ಯಾಂಡ್ ಹೆಸ್ರು), ಟ್ರಾಮಡಾಲ್, ಆಲ್ಪ್ರಝೋಲಾಮ್, ಡಯಾಜೆಪಾಮ್, ಝೋಲ್ಪಿಡೆಮ್, ಕೊಡೀನ್ ಇವನ್ನ ತರ್ಬೇಡಿ ಅಂತ ಹೆಸ್ರು ಹಿಡ್ದು ಎಚ್ಚರಿಕೆ ಕೊಟ್ಟಿದೆ. ಹೊಸದಾಗಿ ಕೆಲ್ಸಕ್ಕೆ ಹೋಗೋ ಕರಾವಳಿ ಹುಡುಗ್ರು ಈ ಪಟ್ಟಿ ಒಂದ್ಸಲ ಓದ್ಕೊಂಡೇ ವಿಮಾನ ಹತ್ಲಿ.

"ನಾವು ದುಬೈಲಿ ಇಳಿಯಲ್ಲ, ಬರೀ ಟ್ರಾನ್ಸಿಟ್" ಅನ್ನೋರಿಗೆ ಒಂದ್ ಮಾತು. ಕನೆಕ್ಷನ್ ತಪ್ಪಿ ಹೋಟೆಲ್‌ಗೆ ಕಳ್ಸಿದ್ರೆ ಆಗ ನೀವು ಆ ದೇಶದೊಳಗೆ ಹೋದಂಗೇ. ಹಾಗಾಗಿ ಮಧ್ಯದ ದೇಶದ ನಿಯಮನೂ ನೋಡ್ಕೊಳ್ಳಿ. ಅಬುಧಾಬಿ ಮೇಲೆ ಅಮೆರಿಕಾಗೆ ಹೋಗೋರಿಗೆ ಇನ್ನೊಂದು ವಿಶೇಷ, ಅಲ್ಲಿ ಅಮೆರಿಕಾದ ಇಮಿಗ್ರೇಷನ್ ಮತ್ತೆ ಕಸ್ಟಮ್ಸ್ ಅಬುಧಾಬಿಲೇ ಮುಗ್ಸಿಬಿಡ್ತಾರೆ, ಕೈಚೀಲದಲ್ಲಿರೋ ಪೇಪರ್‌ಗಳನ್ನ ಅಲ್ಲೇ ತೋರ್ಸೋ ಪ್ರಸಂಗ ಬರ್ಬಹುದು.

ಸಿಂಗಾಪುರದಲ್ಲಿ ಮಾಮೂಲಿ ಔಷಧಿ ಸ್ವಂತಕ್ಕೆ ಮೂರು ತಿಂಗಳಷ್ಟು ತರ್ಬಹುದು, ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆ ಥರದ್ದಕ್ಕೆ ಅವರ ಹೆಲ್ತ್ ಸೈನ್ಸಸ್ ಅಥಾರಿಟಿಯಿಂದ ಮೊದಲೇ ಒಪ್ಪಿಗೆ ಬೇಕು. ಜಪಾನ್ ಇನ್ನೂ ಬಿಗಿ, ಚೀಟಿ ಔಷಧಿ ಒಂದು ತಿಂಗಳಷ್ಟೇ ಸಲೀಸಾಗಿ ಬಿಡೋದು, ಅದಕ್ಕಿಂತ ಜಾಸ್ತಿ ಬೇಕಾದ್ರೆ ಯುನ್ಯೂ ಕಾಕುನಿನ್‌ಶೋ ಅನ್ನೋ ಪತ್ರ ಮುಂಚೆನೇ ತರ್ಸ್ಕೋಬೇಕು, ಜೊತೆಗೆ ಸೂಡೋಎಫೆಡ್ರಿನ್ 10 ಪರ್ಸೆಂಟ್‌ಗಿಂತ ಜಾಸ್ತಿ ಇರೋ ನೆಗಡಿ ಮಾತ್ರೆ ಅಲ್ಲಿ ನಿಷಿದ್ಧ. ಆಸ್ಟ್ರೇಲಿಯಾದಲ್ಲಿ ಮೂರು ತಿಂಗಳು, ಇಳಿಯೋವಾಗ ಫಾರ್ಮಲ್ಲಿ ಔಷಧಿ ಇದೆ ಅಂತ ಬರೀಬೇಕು. ಕೆನಡಾ 90 ದಿನ. ಅಮೆರಿಕಾನೂ ಹೆಚ್ಚುಕಮ್ಮಿ 90 ದಿನದ ಲೆಕ್ಕ, ಅದ್ರ ಕಥೆ ಕೊನೇಲಿ ಹೇಳ್ತೀನಿ ಯಾಕಂದ್ರೆ ಆರು ತಿಂಗಳಿಗೆ ಹೋಗೋರು ಜಾಸ್ತಿ ಅಲ್ಲಿಗೇನೇ. ನಿಯಮ ಬದಲಾಗ್ತಾನೇ ಇರತ್ತೆ, ಹೋಗೋ ಮುಂಚೆ ಆ ದೇಶದ ಸರ್ಕಾರಿ ವೆಬ್‌ಸೈಟ್ ನೋಡಿ, ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಲ್ಲಿ ಬಂದ ಫಾರ್ವರ್ಡ್ ನೋಡಿ ಅಲ್ಲ.

ಡಾಕ್ಟ್ರ ಲೆಟರ್

ನಮ್ಮ ಪ್ರಿಸ್ಕ್ರಿಪ್ಷನ್ ಇಂಗ್ಲಿಷಲ್ಲೇ ಇರೋದ್ರಿಂದ ಅನುವಾದದ ಗೋಳಿಲ್ಲ, ಆದ್ರೆ ಆ ಕೈಬರಹ ಮೆಡಿಕಲ್ ಶಾಪ್‌ನೋರಿಗೆ ಬಿಟ್ರೆ ಬೇರೆ ಯಾರ್ಗೂ ಓದಕ್ಕಾಗಲ್ಲ. ಲೆಟರ್‌ಹೆಡ್ ಮೇಲೆ ಟೈಪ್ ಮಾಡ್ಸಿರೋ ಒಂದು ಪುಟದ ಪತ್ರ ಕೇಳಿ ತಗೊಳ್ಳಿ, ಡಾಕ್ಟ್ರಿಗೆ ಟೈಮ್ ಇರಲ್ಲ ಅನ್ಸಿದ್ರೆ ನೀವೇ ಟೈಪ್ ಮಾಡ್ಕೊಂಡು ಹೋಗಿ ತಿದ್ದಿಸಿ ಸಹಿ ಹಾಕ್ಸಿ. ಏನ್ ಕಾಯಿಲೆ, ಯಾವ ಔಷಧಿ, ಬ್ರ್ಯಾಂಡ್ ಹೆಸ್ರು ಮತ್ತೆ ಸಾಲ್ಟ್ ಹೆಸ್ರು ಎರಡೂ, ಎಷ್ಟು ಎಂಜಿ, ದಿನಕ್ಕೆಷ್ಟು, ಎಷ್ಟು ದಿನಕ್ಕೆ ಎಷ್ಟು ಮಾತ್ರೆ ತಗೊಂಡು ಹೋಗ್ತಿದಾರೆ, ಇಷ್ಟೂ ಇರ್ಲಿ, ಕೆಳಗೆ ಸೀಲು, ಕರ್ನಾಟಕ ಮೆಡಿಕಲ್ ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರ್. 1-0-1 ಅಂತ ಬರ್ದ್ರೆ ಬೆಳಿಗ್ಗೆ ಒಂದು ರಾತ್ರಿ ಒಂದು ಅಂತ ನಮಗೆ ಗೊತ್ತು, ಹೊರದೇಶದೋರಿಗೆ ಅದು ಫೋನ್ ಕೋಡ್ ಥರ ಕಾಣ್ಬಹುದು, ಬಿಡ್ಸಿ ಬರೆಸಿ.

ಹೆಸರಿನ ವಿಷ್ಯ ಸ್ವಲ್ಪ ಗಮನ ಕೊಡಿ, ಇದು ನಮ್ಮ ಕಡೆಯೋರ್ದೇ ಸ್ಪೆಷಲ್ ತೊಂದ್ರೆ. ಆಸ್ಪತ್ರೆ ಫೈಲಲ್ಲಿ ಎರಡು ಇನಿಷಿಯಲ್ ಮತ್ತೆ ಹೆಸ್ರಿನ ಕೊನೇಲಿ ಒಂದು 'ಅಮ್ಮ', ಪಾಸ್‌ಪೋರ್ಟಲ್ಲಿ ಇನಿಷಿಯಲ್ ಬಿಡ್ಸಿ ಊರು, ತಂದೆ ಹೆಸ್ರು ಎಲ್ಲಾ ಸೇರಿ ಉದ್ದಕ್ಕೆ, 'ಅಮ್ಮ' ಮಾಯ. ಪರೀಕ್ಷೆ ಮಾಡೋನಿಗೆ ಇದು ಇಬ್ರು ಬೇರೆ ಬೇರೆ ಹೆಂಗಸ್ರು. ಪಾಸ್‌ಪೋರ್ಟಲ್ಲಿ ಹೆಂಗಿದ್ಯೋ ಹಂಗೇ ಪತ್ರದಲ್ಲೂ, ಪ್ರಿಸ್ಕ್ರಿಪ್ಷನ್ನಲ್ಲೂ, ಮೆಡಿಕಲ್ ಶಾಪ್ ಬಿಲ್ಲಲ್ಲೂ ಬರಬೇಕು. ಬಿಲ್ ಬೇಡ ಅಂತ ಡಿಸ್ಕೌಂಟ್ ತಗೊಳ್ಳೋ ಅಭ್ಯಾಸ ಇದ್ರೆ ಈ ಸಲ ಬಿಟ್ಬಿಡಿ. ಎಲ್ಲಾದ್ರದ್ದೂ ಫೋಟೋ ಫೋನಲ್ಲಿ, ಒಂದು ಕಾಪಿ ಅಲ್ಲಿರೋ ಮಗನಿಗೋ ಮಗಳಿಗೋ.

ಖರೀದಿ, ಪ್ಯಾಕಿಂಗ್

ಮೂರು ತಿಂಗ್ಳ ಮಾತ್ರೆ ಒಂದೇ ಸಲಕ್ಕೆ ಎಲ್ಲಾ ಅಂಗಡಿಲೂ ಇರಲ್ಲ, ವಾರ ಹತ್ತು ದಿನ ಮುಂಚೆ ಹೇಳಿಡಿ. ಕತ್ತರಿಲಿ ಕತ್ತರಿಸಿದ ತುಂಡು ಸ್ಟ್ರಿಪ್ ತಗೋಬೇಡಿ, ಹೆಸ್ರು ಒಂದು ತುಂಡಲ್ಲಿ ಎಕ್ಸ್‌ಪೈರಿ ಇನ್ನೊಂದು ತುಂಡಲ್ಲಿ ಇದ್ರೆ ಎರಡೂ ಉಪಯೋಗಕ್ಕಿಲ್ಲ. ಎಕ್ಸ್‌ಪೈರಿ ವಾಪಸ್ ಬರೋ ದಿನ ದಾಟಿರ್ಲಿ. ಬೆಳಿಗ್ಗೆ ಮಧ್ಯಾಹ್ನ ರಾತ್ರಿ ಅಂತ ಖಾನೆ ಇರೋ ಡಬ್ಬಿ ತುಂಬಾ ಒಳ್ಳೇದು, ಆದ್ರೆ ಅದನ್ನ ಖಾಲಿ ತಗೊಂಡು ಹೋಗಿ ಅಲ್ಲಿ ಹೋದ್ಮೇಲೆ ತುಂಬ್ಸಿ. ಸ್ಟ್ರಿಪ್ಪಿಂದ ಬಿಡ್ಸಿದ ಬಿಳಿ ಗುಂಡು ಮಾತ್ರೆ ಏನು ಅಂತ ಯಾರ್ಗೂ ಗೊತ್ತಾಗಲ್ಲ.

ಮಾತ್ರೆ ಎಲ್ಲಾ ಕ್ಯಾಬಿನ್ ಬ್ಯಾಗಲ್ಲಿ, ಚೆಕ್‌ಇನ್ ಸೂಟ್‌ಕೇಸಲ್ಲಿ ಬೇಡ್ವೇ ಬೇಡ, ಸೂಟ್‌ಕೇಸ್ ಬರೋದು ಮೂರು ದಿನ ತಡ ಆದ್ರೆ ಬಟ್ಟೆ ಹೊಂದಿಸ್ಬಹುದು ಹಾರ್ಟ್ ಮಾತ್ರೆ ಹೊಂದ್ಸಕ್ಕಾಗಲ್ಲ. ಇನ್ನೊಂದು, ಮಾತ್ರೆ ಒಂದು ಜಿಪ್ ಪೌಚಲ್ಲಿ ಬೇರೆಯಾಗಿರ್ಲಿ, ಯಾಕಂದ್ರೆ ವಿಮಾನ ತುಂಬಿದ್ರೆ ಗೇಟ್ ಹತ್ರ ಟ್ರಾಲಿನೇ ಇಸ್ಕೊಂಡು ಕೆಳಗೆ ಹಾಕ್ಬಿಡ್ತಾರೆ, ಆಗ ಪೌಚ್ ಮಾತ್ರ ಕೈಗೆ ತಗೊಂಡ್ರಾಯ್ತು. ಅಪ್ಪನ ಮಾತ್ರೆ ಅಪ್ಪನ ಬ್ಯಾಗಲ್ಲಿ ಅಮ್ಮಂದು ಅಮ್ಮನ ಬ್ಯಾಗಲ್ಲಿ, ಅಪ್ಪನಿಗೆ ಮರೆವು ಅಂತ ಎಲ್ಲಾ ಅಮ್ಮನೇ ಹೊತ್ಕೊಳ್ಳೋದು ಇಲ್ಲಿ ಬೇಡ.

ಸಿರಪ್, ಡ್ರಾಪ್ಸ್ ವಿಷ್ಯ. ಕ್ಯಾಬಿನ್‌ಗೆ ದ್ರವ 100 ಎಂಎಲ್ ಮಿತಿ ಇದೆ, ಅಗತ್ಯದ ಔಷಧಿಗೆ ವಿನಾಯ್ತಿ ಕೊಡ್ತಾರೆ, ಆದ್ರೆ ಬ್ಯಾಗಿಂದ ಆಚೆ ತೆಗ್ದು ಟ್ರೇಲಿಟ್ಟು ಇದು ಔಷಧಿ ಅಂತ ನೀವೇ ಮೊದ್ಲು ಹೇಳ್ಬೇಕು, ಚೀಟಿ ಜೊತೆಗಿರ್ಬೇಕು. ಇನ್ಹೇಲರ್ ಕೈಗೆ ಸಿಗೋ ಹಂಗಿರ್ಲಿ. ಪಾದರಸದ ಥರ್ಮಾಮೀಟರ್ ಮನೇಲೇ ಬಿಡಿ, ಡಿಜಿಟಲ್ ಸಾಕು.

ಇನ್ಸುಲಿನ್ ತಗೊಳ್ಳೋರು

ವಿಮಾನದ ಕೆಳಗಡೆ ಲಗೇಜ್ ಜಾಗದಲ್ಲಿ ಚಳಿ ಜಾಸ್ತಿ ಆಗಿ ಇನ್ಸುಲಿನ್ ಹೆಪ್ಪುಗಟ್ಬಹುದು, ಒಂದ್ಸಲ ಹೆಪ್ಪುಗಟ್ಟಿದ್ರೆ ಕರಗಿದ್ಮೇಲೆ ನೋಡಕ್ಕೆ ಸರಿಯಿದ್ರೂ ಕೆಲ್ಸ ಮಾಡಲ್ಲ. ಹಾಗಾಗಿ ಕೈಚೀಲದಲ್ಲೇ. ಐಸ್ ಪ್ಯಾಕ್ ಇಟ್ರೆ ಅದಕ್ಕೆ ನೇರ ತಾಗದಂಗೆ ಒಂದು ಟವೆಲ್ ಸುತ್ತಿ. ಗಾಬರಿ ಪಟ್ಕೊಂಡು ಗಗನಸಖಿಗೆ "ಫ್ರಿಡ್ಜಲ್ಲಿಡಮ್ಮ" ಅಂತ ಕೊಡೋ ಅವಶ್ಯಕತೆನೂ ಇಲ್ಲ, ಅಲ್ಲಿಟ್ಟು ಮರೆತು ಇಳಿಯೋ ಸಾಧ್ಯತೆನೇ ಜಾಸ್ತಿ. ಸಾಮಾನ್ಯವಾಗಿ ಬಳಸ್ತಿರೋ ಪೆನ್ನು ಅಥ್ವಾ ವಯಲ್ ಬಿಸಿಲು ಸೆಖೆ ಇಲ್ದಿರೋ ಕಡೆ ನಾಲ್ಕು ವಾರದಷ್ಟು ಹೊರಗಿದ್ರೂ ನಡಿಯತ್ತೆ, ನಿಮ್ಮ ಬ್ರ್ಯಾಂಡ್‌ಗೆ ಎಷ್ಟು ದಿನ ಅಂತ ಒಳಗಿರೋ ಕಾಗದದಲ್ಲಿ ಇರತ್ತೆ. ಸೂಜಿ, ಗ್ಲೂಕೋಮೀಟರ್, ಲ್ಯಾನ್ಸೆಟ್ ಎಲ್ಲಾ ಇನ್ಸುಲಿನ್ ಜೊತೆಗೇ ಒಂದೇ ಪೌಚಲ್ಲಿ ಇರ್ಲಿ, ಬರೀ ಸೂಜಿ ಒಂದೇ ಸಿಕ್ರೆ ಪ್ರಶ್ನೆ ಜಾಸ್ತಿ. ಪಂಪ್ ಅಥ್ವಾ ತೋಳಿಗೆ ಸೆನ್ಸರ್ ಹಾಕ್ಕೊಂಡಿರೋರು ಸ್ಕ್ಯಾನರ್ ಹತ್ರ ಮೊದಲೇ ಹೇಳಿ ಕೈಯಲ್ಲಿ ಚೆಕ್ ಮಾಡಿ ಅಂತ ಕೇಳಿ.

ಇದನ್ನ ಮಾತ್ರ ದಯವಿಟ್ಟು ಮನೇಲಿ ಎಲ್ರಿಗೂ ಓದಿ ಹೇಳಿ. ನಮ್ಮಲ್ಲಿ ಸಿಗೋ ಇನ್ಸುಲಿನ್ ಬಾಟ್ಲಿ ಬಹಳಷ್ಟು ಒಂದು ಎಂಎಲ್‌ಗೆ 40 ಯೂನಿಟ್‌ದು, ಅದಕ್ಕೆ ಕೆಂಪು ಕ್ಯಾಪಿನ ಸಿರಿಂಜು. ಅಮೆರಿಕಾ ಥರದ ಕಡೆ ಸಿಗೋದು ಒಂದು ಎಂಎಲ್‌ಗೆ 100 ಯೂನಿಟ್‌ದು, ಅದಕ್ಕೆ ಕಿತ್ತಳೆ ಕ್ಯಾಪಿನ ಸಿರಿಂಜು. ಇಲ್ಲಿಂದ ಒಯ್ದ ಕೆಂಪು ಸಿರಿಂಜಲ್ಲಿ ಅಲ್ಲಿ ಕೊಂಡ ಇನ್ಸುಲಿನ್ ಎಳೆದ್ರೆ 20 ಯೂನಿಟ್ ಅಂದ್ಕೊಂಡಿದ್ದು 50 ಯೂನಿಟ್ ಒಳಗೋಗತ್ತೆ. ಶುಗರ್ ಡೌನ್ ಆಗಿ ಪ್ರಾಣಕ್ಕೇ ಬರೋ ವಿಷ್ಯ ಇದು. ಪೆನ್ನಾದ್ರೆ ಈ ಗೊಂದ್ಲ ಇಲ್ಲ, ಪ್ರಯಾಣಕ್ಕೆ ಪೆನ್ನಿಗೆ ಬದಲಾಯಿಸ್ಬಹುದಾ ಅಂತ ಡಾಕ್ಟ್ರನ್ನ ಕೇಳಿ.

ಟೈಮ್ ಲೆಕ್ಕದಲ್ಲೂ ಇನ್ಸುಲಿನ್‌ನೋರೇ ಹುಷಾರಾಗಿರ್ಬೇಕು. ಪಶ್ಚಿಮಕ್ಕೆ ಹೋದ್ರೆ ಆ ದಿನ ಉದ್ದ ಆಗತ್ತೆ, ಪೂರ್ವಕ್ಕೆ ಹೋದ್ರೆ ಗಿಡ್ಡ, ಅದಕ್ಕೆ ತಕ್ಕಂಗೆ ಡೋಸ್ ಹೆಂಗೆ ಅಂತ ಟಿಕೆಟ್ ತೋರ್ಸಿ ಡಾಕ್ಟ್ರ ಕೈಲೇ ಬರೆಸ್ಕೊಳ್ಳಿ, ಸ್ವಂತ ಲೆಕ್ಕ ಬೇಡ. ದುಬೈಗೆ ಒಂದೂವರೆ ಗಂಟೆ ವ್ಯತ್ಯಾಸ ಅಷ್ಟೆ, ತಲೆ ಕೆಡಿಸ್ಕೋಬೇಡಿ. ಕ್ಯಾಲಿಫೋರ್ನಿಯಾಗೆ ಹನ್ನೆರಡೂವರೆ ಇಲ್ಲ ಹದಿಮೂರೂವರೆ ಗಂಟೆ, ಬೆಳಿಗ್ಗೆ ಮಾತ್ರೆ ರಾತ್ರಿ ಆಗೋಗತ್ತೆ. ವಿಮಾನದಲ್ಲಿರೋವಾಗ ವಾಚು ಊರಿನ ಟೈಮಲ್ಲೇ ಇರ್ಲಿ, ಇಳಿದ್ಮೇಲೆ ಅಲ್ಲಿನ ಟೈಮಿಗೆ ಹೆಂಗೆ ಸರಿಸೋದು ಅನ್ನೋದು ರಕ್ತ ತೆಳು ಮಾಡೋ ಮಾತ್ರೆ, ಫಿಟ್ಸ್ ಮಾತ್ರೆ ತಗೊಳ್ಳೋರು ಮೊದಲೇ ಕೇಳಿಟ್ಕೊಳ್ಳಿ. ಥೈರಾಯ್ಡ್ ಮಾತ್ರೆ ಒಂದಷ್ಟು ಗಂಟೆ ಹಿಂದೆ ಮುಂದೆ ಆದ್ರೆ ಏನೂ ಆಗಲ್ಲ.

ಲೇಹ್ಯ, ಚೂರ್ಣ, ಮತ್ತೆ ಗಸಗಸೆ

ಆಯುರ್ವೇದ ಅಂದ್ರೆ ಔಷಧಿ ಅಲ್ಲ, ಆಹಾರ ಅನ್ನೋ ಭಾವನೆ ನಮ್ಮಲ್ಲಿದೆ, ಕಸ್ಟಮ್ಸ್‌ನೋರಿಗೆ ಇಲ್ಲ. ಲೇಹ್ಯ ಸೆಕ್ಯೂರಿಟಿ ಲೆಕ್ಕದಲ್ಲಿ ಪೇಸ್ಟು, 100 ಎಂಎಲ್ ದಾಟಿದ್ರೆ ಚೆಕ್‌ಇನ್ ಬ್ಯಾಗಿಗೆ ಹಾಕಿ. ಅರಿಷ್ಟ, ಆಸವಗಳಲ್ಲಿ ತಾನಾಗೇ ಹುಟ್ಟಿದ ಆಲ್ಕೋಹಾಲ್ ಇರತ್ತೆ, ಗಲ್ಫ್‌ಗೆ ಒಯ್ಯೋರು ಇದನ್ನ ಯೋಚ್ನೆ ಮಾಡ್ಲಿ. ಭಸ್ಮ ಇರೋ ಔಷಧಿಗಳಲ್ಲಿ ಸೀಸ, ಪಾದರಸ ಇರ್ಬಹುದು ಅಂತ ಅಮೆರಿಕಾದ ಆಹಾರ, ಔಷಧಿ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಡ್ತಾ ಬಂದಿದೆ. ಆಸ್ಟ್ರೇಲಿಯಾದೋರು ಬೇರು, ಬೀಜ, ಒಣಗಿದ ಎಲೆ ಯಾವ್ದಿದ್ರೂ ಪರೀಕ್ಷೆ ಮಾಡ್ತಾರೆ. ಊರಿನ ವೈದ್ಯರು ನ್ಯೂಸ್‌ಪೇಪರಲ್ಲಿ ಕಟ್ಟಿಕೊಟ್ಟ ಹೆಸರಿಲ್ಲದ ಪುಡಿ, ಲೇಬಲ್ ಇಲ್ಲದ ಹೋಮಿಯೋಪತಿ ಬಾಟ್ಲಿ ಇವನ್ನ ಬಿಟ್ಟು ಹೋಗೋದೇ ಲೇಸು. ಬೇಕಂದ್ರೆ ಕಂಪನಿ ಸೀಲ್ ಇರೋ ಪ್ಯಾಕು, ಬಿಲ್ ಸಮೇತ.

ಗಸಗಸೆ ಔಷಧಿ ಅಲ್ಲ, ಆದ್ರೂ ಹೇಳ್ಲೇಬೇಕು. ಅಫೀಮಿನ ಗಿಡದ ಬೀಜ ಅದು, ಯುಎಇಗೆ ಅದನ್ನ ಒಯ್ಯೋದು ಅಪರಾಧ. ಪಾಯಸಕ್ಕೆ ಅಂತ ಒಂದು ಸಣ್ಣ ಪೊಟ್ಟಣ ಮಸಾಲೆ ಡಬ್ಬಿಲಿ ಸೇರ್ಕೊಂಡಿರತ್ತೆ, ಹುಡುಕಿ ತೆಗೀರಿ.

ಬೇರೆಯವರ ಪೊಟ್ಟಣ

ನೀವು ಹೊರಡ್ತೀರ ಅಂತ ಗೊತ್ತಾದ ತಕ್ಷಣ ಯಾರೋ ಒಬ್ರು ಬಂದೇ ಬರ್ತಾರೆ, "ನಮ್ಮ ಅಳಿಯಂಗೆ ಸ್ವಲ್ಪ ಮಾತ್ರೆ, ಬೆನ್ನುನೋವಿಂದು, ಜಾಸ್ತಿ ಏನಿಲ್ಲ". ಬೇಡ ಅನ್ನಕ್ಕೆ ಸಂಕೋಚ, ನೆಂಟ್ರು ಬೇರೆ. ಆದ್ರೂ ಬೇಡ ಅನ್ನಿ. ಎಲ್ಲಾ ದೇಶದ ವಿನಾಯ್ತಿನೂ "ಸ್ವಂತ ಬಳಕೆಗೆ" ಅನ್ನೋ ಮಾತಿನ ಮೇಲೇ ನಿಂತಿರೋದು, ಚೀಟಿಲಿ ಹೆಸ್ರು ಅಳಿಯಂದು ಪಾಸ್‌ಪೋರ್ಟ್ ನಿಮ್ದು ಅಂದ್ಮೇಲೆ ಅದು ಸಾಗಾಣಿಕೆ. 2017ರಲ್ಲಿ ಬ್ರಿಟನ್ನಿನ ಒಬ್ಬ ಮಹಿಳೆ ಈಜಿಪ್ಟ್‌ನಲ್ಲಿರೋ ತನ್ನ ಗೆಳೆಯನ ಬೆನ್ನುನೋವಿಗೆ ಅಂತ 290 ಟ್ರಾಮಡಾಲ್ ಮಾತ್ರೆ ತಗೊಂಡು ಹೋಗಿ ಏರ್‌ಪೋರ್ಟಲ್ಲೇ ಸಿಕ್ಕಾಕ್ಕೊಂಡ್ಳು, ಮೂರು ವರ್ಷ ಶಿಕ್ಷೆ ಆಯ್ತು. ನೆಂಟ್ರು ಸಿಟ್ಟಾದ್ರೆ ಆಗ್ಲಿ, ಈ ಕಥೆ ಹೇಳಿ.

ಇಳಿದ್ಮೇಲೆ

ಕಸ್ಟಮ್ಸಲ್ಲಿ ಔಷಧಿ ಇದ್ಯಾ ಅಂತ ಕೇಳಿದ್ರೆ ಇದೆ ಅನ್ನಿ, ಪೌಚ್ ತೋರ್ಸಿ, ಪತ್ರ ತೋರ್ಸಿ, ಅಷ್ಟೆ. ಇಂಗ್ಲಿಷ್ ಬರದ ಅಮ್ಮ ಒಬ್ರೇ ಹೋಗ್ತಿದ್ರೆ ಪತ್ರ ಪಾಸ್‌ಪೋರ್ಟ್ ಜೊತೆಗೇ ಇಟ್ಕೊಳ್ಳೋಕೆ ಹೇಳಿ, ಕೇಳಿದ್ ತಕ್ಷಣ ಎರಡೂ ಒಟ್ಟಿಗೆ ಕೊಟ್ಬಿಡ್ತಾರೆ. ಇಲ್ಲ ಅಂತ ಹೇಳಿ ಆಮೇಲೆ ಸಿಕ್ಕಿದ್ರೆ ಸಾಧಾರಣ ಬಿಪಿ ಮಾತ್ರೆಗೂ ಅನುಮಾನ ಶುರು ಆಗತ್ತೆ.

ನಮ್ಮ ಡಾಕ್ಟ್ರ ಚೀಟಿಗೆ ಅಮೆರಿಕಾದ ಫಾರ್ಮಸಿಲಿ ಔಷಧಿ ಕೊಡಲ್ಲ, ಅಲ್ಲಿನ ಡಾಕ್ಟ್ರೇ ಬರೀಬೇಕು, ಆ ವಿಸಿಟ್‌ಗೆ ಬರೋ ಬಿಲ್ ನೋಡಿದ್ರೆ ಮಾತ್ರೆ ಬೆಲೆ ಏನೂ ಅಲ್ಲ. ಡೊಂಪೆರಿಡೋನ್ ಇರೋ ಪ್ಯಾನ್-ಡಿ ಥರದ್ದು ಅಲ್ಲಿ ಮಾರಾಟಕ್ಕೇ ಇಲ್ಲ. ಡೋಲೋ ಖಾಲಿಯಾದ್ರೆ ಮಾತ್ರ ಚಿಂತೆ ಇಲ್ಲ, ಪ್ಯಾರಾಸಿಟಮಾಲನ್ನೇ ಅಲ್ಲಿ ಅಸಿಟಮಿನೋಫೆನ್ ಅಂತಾರೆ, ಸೂಪರ್‌ಮಾರ್ಕೆಟಲ್ಲೇ ಸಿಗತ್ತೆ.

ಇನ್ನು ಆರು ತಿಂಗಳ ಲೆಕ್ಕ. ಅಮೆರಿಕಾದ ಎಫ್‌ಡಿಎ ಸಾಮಾನ್ಯವಾಗಿ ಒಪ್ಪೋದು 90 ದಿನದಷ್ಟು. ಅದಕ್ಕಿಂತ ಜಾಸ್ತಿ ಇರೋ ವಿದೇಶಿಯರಿಗೆ ಉಳಿದ ಔಷಧಿನ ಆಮೇಲೆ ಊರಿಂದ ತರಿಸ್ಕೊಳ್ಳೋ ದಾರಿ ಅವರೇ ಹೇಳಿದಾರೆ, ಪಾರ್ಸೆಲ್ ಜೊತೆ ವೀಸಾ ಮತ್ತೆ ಪಾಸ್‌ಪೋರ್ಟ್ ಕಾಪಿ, ಡಾಕ್ಟ್ರ ಪತ್ರ, ಇಂಗ್ಲಿಷ್ ಪ್ರಿಸ್ಕ್ರಿಪ್ಷನ್ ಇರ್ಬೇಕು. ಹಾಗಾಗಿ ಹೊರಡೋ ಮುಂಚೆನೇ ಈ ಕಾಗದಗಳ ಒಂದು ಸೆಟ್ ಊರಲ್ಲಿರೋ ತಮ್ಮನಿಗೋ ತಂಗಿಗೋ ಕೊಟ್ಟು ಹೋಗಿ, ಪಾರ್ಸೆಲ್ ಕಸ್ಟಮ್ಸಲ್ಲಿ ನಿಂತ್ರೂ ಮಾತ್ರೆ ತಪ್ಪದಂಗೆ ಇನ್ನೂ ತಿಂಗಳಷ್ಟು ಮಾತ್ರೆ ಕೈಲಿರೋವಾಗ್ಲೇ ಕಳ್ಸಕ್ಕೆ ಹೇಳಿ. ಎನ್‌ಆರ್‌ಎಕ್ಸ್ ಗುರುತಿನದ್ದು, ಪ್ರಿಗ್ಯಾಬಲಿನ್ ಇವನ್ನ ಮಾತ್ರ ಈ ಪಾರ್ಸೆಲ್‌ಗೆ ಹಾಕೋ ಹಂಗಿಲ್ಲ, ಅದು ಬೇಕೇ ಬೇಕು ಅನ್ನೋರು ಅಲ್ಲಿ ಹೋದ ಮೊದಲ ತಿಂಗಳಲ್ಲೇ ಒಬ್ಬ ಡಾಕ್ಟ್ರ ಅಪಾಯಿಂಟ್‌ಮೆಂಟ್ ತಗೊಂಡ್ಬಿಡಿ.